ಪಣಜಿಯ ಲಾಭ, ಬೆಳಗಾವಿಯ ಉದ್ರಿ

ಗೋವಾ ಸರ್ಕಾರ ತನ್ನ ಸ್ವಂತ ಜನ ಕ್ಯಾಸಿನೊ ಒಳಗೆ ಹೋಗಿ ಆಡಬಾರದು ಅಂತ ನಿಯಮ ಮಾಡಿದೆ. 2012ರಲ್ಲೇ ಕಾಯ್ದೆಗೆ ತಿದ್ದುಪಡಿ ಆಯ್ತು, ನಿಜವಾಗ್ಲೂ ಜಾರಿಗೆ ಬಂದಿದ್ದು 2020ರ ಫೆಬ್ರವರಿ 1ಕ್ಕೆ. ಅಂದ್ರೆ ಪಣಜಿ ಎದುರಿಗೆ ಮಾಂಡೋವಿ ನದಿಲಿ ನಿಂತಿರೋ ಆ ಹಡಗುಗಳಿಗೆ ಗೋವಾದ ಹುಡುಗ ಹುಡುಗಿಯರು ಕೆಲಸಕ್ಕೆ ಹೋಗ್ಬಹುದು, ಆಡೋಕೆ ಹೋಗೋ ಹಾಗಿಲ್ಲ, ಆಡೋಕೆ ಹೊರಗಿನವರು ಬರ್ಬೇಕು. ಈ ನಿಯಮ ಮೊದಲನೇ ಸಲ ಪೇಪರ್‌ನಲ್ಲಿ ಓದಿದಾಗಿಂದ ನನಗೆ ಒಂದು ಪ್ರಶ್ನೆ ಬಿಟ್ಟೇ ಹೋಗಿಲ್ಲ. ಆ ಆಟ ಒಳ್ಳೇದಾಗಿದ್ರೆ ಸ್ವಂತ ಜನಕ್ಕೆ ಯಾಕೆ ಬೇಡ? ಮನೆ ಹಾಳು ಮಾಡೋದು ಅಂತ ಗೊತ್ತಿದ್ರೆ ನಮ್ಮ ಜನಕ್ಕೆ ಯಾಕೆ?

ನಮ್ಮ ಜನ ಅಂದ್ರೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ದಾವಣಗೆರೆ, ಬೆಂಗಳೂರಿನವರು. ಶುಕ್ರವಾರ ಸಂಜೆ ಚೋರ್ಲಾ ಘಾಟ್‌ನಲ್ಲಿ ಒಂದು ಅರ್ಧ ಗಂಟೆ ನಿಂತು ನೋಡಿ, ಕೆಳಗೆ ಇಳಿಯೋ ಕಾರುಗಳಲ್ಲಿ ಕೆಎ ನಂಬರ್ ಪ್ಲೇಟೇ ಸಾಲು ಸಾಲು. ಎಲ್ರೂ ಕ್ಯಾಸಿನೊಗೇ ಹೋಗ್ತಾರೆ ಅಂತ ನಾನು ಹೇಳ್ತಿಲ್ಲ, ಬೀಚಿಗೆ ಹೋಗ್ತಾರೆ, ಮಂಗೇಶಿ ಶಾಂತಾದುರ್ಗಾ ದರ್ಶನಕ್ಕೆ ಹೋಗ್ತಾರೆ, ಬರೀ ಮೀನೂಟಕ್ಕೆ ಅಂತಾನೂ ಹೋಗ್ತಾರೆ. ಆದ್ರೆ ಈಗೀಗ ಮದುವೆ ಫಿಕ್ಸ್ ಆದ ಹುಡುಗನ ಪಾರ್ಟಿ ಅಂದ್ರೂ ಕ್ಯಾಸಿನೊ, ಅಂಗಡಿಯವರ ಸಂಘದ ಟ್ರಿಪ್ ಅಂದ್ರೂ ಕ್ಯಾಸಿನೊ, ಎಲೆಕ್ಷನ್ ಮುಗಿಸಿದ ಕಾರ್ಯಕರ್ತರಿಗೆ ಬಹುಮಾನ ಅಂದ್ರೂ ಕ್ಯಾಸಿನೊ.

ನಮ್ಮ ಮನೆಯವರದ್ದು ಕಾಯಿಪಲ್ಯದ ವ್ಯಾಪಾರ. ಗೋವಾ ಅಡುಗೆ ಮನೆಗೆ ಹೋಗೋ ಕಾಯಿಪಲ್ಯ ಬಹುಪಾಲು ಬೆಳಗಾವಿ ಕಡೆಯದ್ದೇ, ಟೊಮೆಟೊ, ಕೋಸು, ಬೀನ್ಸ್, ಕೊತ್ತಂಬರಿ, ಹಸಿಮೆಣಸಿನಕಾಯಿ ಎಲ್ಲಾ ರಾತ್ರಿ ಟೆಂಪೊಗೆ ಲೋಡ್ ಆಗಿ ಘಾಟ್ ಇಳಿದು ಬೆಳಗಿನ ಜಾವಕ್ಕೆ ಪಣಜಿ ಮಾರ್ಕೆಟ್ ಮುಟ್ಟುತ್ತೆ. ಆ ಟೆಂಪೊಗಳ ಜೊತೆ ನಾನು ಬಹಳ ವರ್ಷ ಓಡಾಡಿದೀನಿ. ಹಾಗಾಗಿ ಕ್ಯಾಸಿನೊದಿಂದ ಯಾರಿಗೂ ಏನೂ ಒಳ್ಳೇದೇ ಆಗಿಲ್ಲ ಅಂತ ನಾನು ಹೇಳೋಕೆ ಬರಲ್ಲ. ಆ ಹಡಗುಗಳ ಬಫೆಗೆ ದಿನಾ ಹೋಗೋ ತರಕಾರಿಲಿ ನಮ್ಮ ಕಡೆ ರೈತರದ್ದೂ ಇದೆ, ಬಿಲ್ ಟೈಮಿಗೆ ಸರಿಯಾಗಿ ಬರುತ್ತೆ. ಟ್ಯಾಕ್ಸಿಯವರು, ಹೋಟೆಲ್‌ನವರು, ಲಾಂಡ್ರಿಯವರು, ದಡದಿಂದ ಹಡಗಿಗೆ ಜನರನ್ನ ಸಾಗಿಸೋ ಫೀಡರ್ ಬೋಟ್ ಓಡಿಸೋರು, ಟೇಬಲ್ ಮೇಲೆ ಎಲೆ ಹಾಕೋ ಡೀಲರ್‌ಗಳು, ಅವರಲ್ಲಿ ಈಶಾನ್ಯ ರಾಜ್ಯದಿಂದ ಬಂದ ಎಳೇ ಹುಡುಗ ಹುಡುಗಿಯರು ಬಹಳ, ಎಲ್ರ ಊಟ ಅದ್ರಲ್ಲಿದೆ. ಈ ಲೆಕ್ಕಾನ ಪಕ್ಕಕ್ಕಿಡೋ ಹಾಗಿಲ್ಲ. ನನ್ನ ತಕರಾರು ಇನ್ನೊಂದು ಲೆಕ್ಕದ ಬಗ್ಗೆ, ಯಾರ ಪುಸ್ತಕದಲ್ಲೂ ಬರೆಯದೇ ಇರೋ ಲೆಕ್ಕದ ಬಗ್ಗೆ.

ಮೊದಲು ಇದು ಹೇಗೆ ಇಷ್ಟು ದೂರ ಬಂತು ಅಂತ ಹೇಳ್ತೀನಿ. ಗೋವಾದಲ್ಲಿ ಜೂಜು ತಡೆಯೋಕೆ ಅಂತಾನೇ 1976ರಲ್ಲಿ ಕಾಯ್ದೆ ಆಗಿತ್ತು. 1992ರಲ್ಲಿ ಅದಕ್ಕೆ ಒಂದು ಸಣ್ಣ ಸಡಿಲಿಕೆ, ಪಂಚತಾರಾ ಹೋಟೆಲ್‌ನಲ್ಲಿ ಸ್ಲಾಟ್ ಮಷಿನ್ ಇಡಬಹುದು ಅಂತ. ಶ್ರೀಮಂತ ಪ್ರವಾಸಿಗರಿಗೆ ತಾನೇ, ಇರ್ಲಿ ಬಿಡಿ ಅನ್ನೋ ಮಾತು. 1996ರಲ್ಲಿ ಇನ್ನೊಂದು ಸಡಿಲಿಕೆ, ಹಡಗಿನ ಮೇಲೆ ಟೇಬಲ್ ಆಟಗಳನ್ನೂ ಆಡಿಸಬಹುದು ಅಂತ. ಹಡಗು ಅಂದಾಗ ಎಲ್ರೂ ಸಮುದ್ರದ ಮಧ್ಯ ಅಂದ್ಕೊಂಡ್ರು, ಆದ್ರೆ ಹಡಗುಗಳು ಬಂದು ನಿಂತಿದ್ದು ರಾಜಧಾನಿಯ ಎದುರಿಗೆ ನದಿಲಿ, ದಡದಿಂದ ಬೋಟಲ್ಲಿ ಐದು ನಿಮಿಷ. ಮೊದಲು ಒಂದು ಹಡಗು ಇತ್ತು, 2008ರ ಹೊತ್ತಿಗೆ ಒಂದರ ಹಿಂದೆ ಒಂದು ಬರೋಕೆ ಶುರುವಾದ್ವು, ಈಗ ಆರು. ಮನೋಹರ್ ಪರ್ರೀಕರ್ ವಿರೋಧ ಪಕ್ಷದಲ್ಲಿದ್ದಾಗ ಈ ಹಡಗುಗಳ ವಿರುದ್ಧ ಜೋರಾಗಿ ಹೋರಾಡಿದ್ರು, 2012ರಲ್ಲಿ ಅವರೇ ಮುಖ್ಯಮಂತ್ರಿ ಆದ್ರು, ಹಡಗು ಅಲ್ಲೇ ಉಳಿದ್ವು, ಪರವಾನಗಿ ಮತ್ತೆ ಮತ್ತೆ ಮುಂದುವರಿತು. ನಂತರ ಬಂದವರೂ ಅಷ್ಟೇ. ಮೋಪಾದಲ್ಲಿ ಹೊಸ ಏರ್‌ಪೋರ್ಟ್ ಆಗ್ಲಿ, ಆ ಕಡೆ ಸಾಗಿಸ್ತೀವಿ ಅಂತ ಹೇಳ್ತಾ ಬಂದ್ರು, 2023ರ ಜನವರಿಲಿ ಅಲ್ಲಿಂದ ವಿಮಾನ ಹಾರಾಟಾನೂ ಶುರುವಾಯ್ತು, ಹಡಗು ಮಾಂಡೋವಿಲೇ ಇವೆ.

ಇದನ್ನ ಬರೀ ರಾಜಕಾರಣಿಗಳ ಕೆಟ್ಟತನ ಅಂತ ಅಂದುಬಿಟ್ರೆ ಅರ್ಧ ವಿಷಯ ತಪ್ಪಿಹೋಗುತ್ತೆ. ಗೋವಾದ ದೊಡ್ಡ ಆದಾಯ ಕಬ್ಬಿಣದ ಅದಿರಿಂದ ಬರ್ತಿತ್ತು. 2012ರಲ್ಲಿ ಗಣಿಗಾರಿಕೆ ನಿಂತಿತು, ಮತ್ತೆ ಶುರುವಾಗಿ 2018ರ ಫೆಬ್ರವರಿಲಿ ಸುಪ್ರೀಂ ಕೋರ್ಟ್ 88 ಲೀಸ್‌ಗಳನ್ನ ರದ್ದು ಮಾಡ್ತು. ಖಜಾನೆ ಖಾಲಿ ಆದಾಗ ಕಣ್ಣೆದುರಿಗೆ ದೀಪ ಹಾಕ್ಕೊಂಡು ನಿಂತಿರೋ ಹಡಗು, ವರ್ಷಕ್ಕೆ ಒಂದೊಂದು ಹಡಗಿಂದ ಹತ್ತಾರು ಕೋಟಿ ಲೈಸೆನ್ಸ್ ಫೀ, ಮೇಲೆ ಜಿಎಸ್‌ಟಿ. ಯಾವ ಮುಖ್ಯಮಂತ್ರಿ ಕೈ ಬಿಡ್ತಾನೆ ಹೇಳಿ. ಒಂದು ಸಲ ಸಂಬಳ ಕೊಡೋಕೆ ಆ ದುಡ್ಡು ಬಳಸೋಕೆ ಶುರು ಮಾಡಿದ ಮೇಲೆ ಸರ್ಕಾರಾನೇ ಆಟಕ್ಕೆ ಕೂತ ಹಾಗೆ, ಎದ್ದು ಹೋಗೋಕೆ ಆಗಲ್ಲ.

ಪಣಜಿ ಚಿಕ್ಕ ಊರು, 2011ರ ಜನಗಣತಿಲಿ ಕಾರ್ಪೊರೇಷನ್ ವ್ಯಾಪ್ತಿ ಒಳಗೆ ಸುಮಾರು 40 ಸಾವಿರ ಜನ. ನಮ್ಮ ಕಡೆ ಇಷ್ಟು ಜನ ಇದ್ರೆ ಪುರಸಭೆ ಮಾಡ್ತಾರೆ. ಅಂಥ ಊರಿನ ನದಿ ದಂಡೆ ರಸ್ತೆ, ದಯಾನಂದ ಬಾಂದೋಡ್ಕರ್ ಮಾರ್ಗ, ಸಂಜೆ ಆರರ ಮೇಲೆ ನೋಡಬೇಕು. ಒಂದು ಕಡೆ ಹಳೇ ಪೋರ್ಚುಗೀಸ್ ಕಾಲದ ಕಟ್ಟಡಗಳು, ಇನ್ನೊಂದು ಕಡೆ ಜೆಟ್ಟಿ, ಜೆಟ್ಟಿ ಮುಂದೆ ಕ್ಯಾಸಿನೊ ಕೌಂಟರ್‌ಗಳು, ಸೂಟು ಬೂಟಿನ ಹುಡುಗರು ಹೋಗೋ ಬರೋರನ್ನ ಕರೀತಾ ನಿಂತಿರ್ತಾರೆ, ಎರಡೂ ಬದಿ ಹೊರ ರಾಜ್ಯದ ಕಾರು ನಿಲ್ಲಿಸಿ ಬಸ್ ಹೋಗೋಕೆ ಜಾಗ ಇರಲ್ಲ. ಮಾರ್ಕೆಟ್‌ನಲ್ಲಿ ನಮ್ಮಿಂದ ಮಾಲು ತಗೊಳ್ಳೋ ಒಬ್ರು ಹಿರಿಯರಿದ್ರು, ಪಣಜಿಯವರೇ, ಮದುವೆ ಆದ ಹೊಸದ್ರಲ್ಲಿ ದಿನಾ ಸಂಜೆ ಹೆಂಡತಿ ಜೊತೆ ನದಿ ದಂಡೆ ಮೇಲೆ ನಡ್ಕೊಂಡು ಹೋಗ್ತಿದ್ರಂತೆ, ಈಗ ಮೊಮ್ಮಗಳನ್ನ ಕರ್ಕೊಂಡು ಹೋಗೋಕೆ ಮನಸ್ಸಾಗಲ್ಲ, ಕುಡಿದವರು ಎದುರಾಗ್ತಾರೆ ಅಂತಿದ್ರು. 2017ರ ಜುಲೈ ಮಳೆಗಾಲದಲ್ಲಿ ಲಕ್ಕಿ ಸೆವೆನ್ ಅನ್ನೋ ಕ್ಯಾಸಿನೊ ಹಡಗು ನದಿಗೆ ಬರೋಕೆ ಹೋಗಿ ಮಿರಾಮಾರ್ ಬೀಚ್ ಹತ್ರ ಮರಳಿಗೆ ಸಿಕ್ಕಿಹಾಕ್ಕೊಂಡು ತಿಂಗಳುಗಟ್ಟಲೆ ಅಲ್ಲೇ ಕೂತಿತ್ತು. ಜನ ಫೋಟೋ ತೆಗೆಸ್ಕೊಳ್ಳೋಕೆ ಹೋಗ್ತಿದ್ರು, ಈ ಹಿರಿಯರು ಮಾತ್ರ ಅದನ್ನ ನೋಡಿ ಬಂದ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಗೋವಾದಲ್ಲಿ ಇದನ್ನ ವಿರೋಧಿಸಿ ಬೀದಿಗಿಳಿದವರು ಇದ್ದಾರೆ, ಆಮ್ ಔರತ್ ಆದ್ಮಿ ಅಗೇನ್ಸ್ಟ್ ಗ್ಯಾಂಬ್ಲಿಂಗ್ ಅನ್ನೋ ಸಂಘಟನೆ ವರ್ಷಗಟ್ಟಲೆ ಹೋರಾಡಿದೆ. ಸ್ಥಳೀಯರಿಗೆ ಪ್ರವೇಶ ಇಲ್ಲ ಅನ್ನೋ ನಿಯಮ ಬರೋಕೆ ಇಂಥ ವಿರೋಧಾನೇ ಕಾರಣ ಅಂತ ನನ್ನ ನಂಬಿಕೆ. ಅಂದ್ರೆ ಗೋವಾದವರು ತಮ್ಮ ಮನೆ ಬಾಗಿಲನ್ನ ಸ್ವಲ್ಪ ಮಟ್ಟಿಗಾದ್ರೂ ಹಾಕ್ಕೊಂಡ್ರು. ನಮ್ಮ ಬಾಗಿಲು ಹಾಕೋರು ಯಾರು?

ಈಗ ಒಳಗೆ ಏನಾಗುತ್ತೆ ಅಂತ. ಟಿಕೆಟ್ ಕೆಲವು ಸಾವಿರ ರೂಪಾಯಿ, ಅದ್ರಲ್ಲೇ ಊಟ, ಕುಡಿಯೋದು, ಡಾನ್ಸ್ ಶೋ, ಜೊತೆಗೆ ಒಂದಿಷ್ಟು ಚಿಪ್ಸ್, ಅಂದ್ರೆ ದುಡ್ಡಿನ ಬದಲು ಟೇಬಲ್ ಮೇಲೆ ಕಟ್ಟೋ ಬಿಲ್ಲೆ. ಆ ಚಿಪ್ಸನ್ನ ನೀವು ವಾಪಸ್ ಕೊಟ್ಟು ದುಡ್ಡು ಮಾಡ್ಕೊಳ್ಳೋ ಹಾಗಿಲ್ಲ, ಒಂದ್ ಸಲ ಆಡಿಯೇ ಮುಗಿಸಬೇಕು, ಅಂದ್ರೆ ಊಟಕ್ಕೆ ಬಂದವನನ್ನೂ ಟೇಬಲ್ ಮುಂದೆ ನಿಲ್ಲಿಸೋ ವ್ಯವಸ್ಥೆ ಅದು. 21 ವರ್ಷ ಆಗದವರು ಆಡೋ ಹಾಗಿಲ್ಲ, ಸರಿ, ಆದ್ರೆ ದೊಡ್ಡ ಹಡಗುಗಳಲ್ಲಿ ಮಕ್ಕಳಿಗೆ ಅಂತ ಬೇರೆ ಆಟದ ಕೋಣೆ ಇದೆ, ಅಪ್ಪ ಅಮ್ಮ ಮೇಲೆ ಆಡೋವರೆಗೂ ಮಕ್ಕಳು ಅಲ್ಲಿರ್ತಾರೆ. ಇದನ್ನ ಫ್ಯಾಮಿಲಿ ಪ್ಯಾಕೇಜ್ ಅಂತ ಮಾರ್ತಾರೆ. ಇದು ನನಗೆ ಸಹಿಸೋಕೇ ಆಗಲ್ಲ.

ಆಟದ ಲೆಕ್ಕ ಕಷ್ಟದ್ದೇನಲ್ಲ. ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗೆ ನಂಬರ್, ಜೊತೆಗೊಂದು ಸೊನ್ನೆ, ಒಟ್ಟು 37 ಮನೆ. ನಿಮ್ಮ ನಂಬರ್ ಬಿದ್ರೆ ಕಟ್ಟಿದ ದುಡ್ಡು ವಾಪಸ್, ಮೇಲೆ ಕೊಡೋದು 35 ಪಟ್ಟು. ಈ ಚಿಕ್ಕ ವ್ಯತ್ಯಾಸದಲ್ಲಿ ನೂರು ರೂಪಾಯಿ ಕಟ್ಟಿದ್ರೆ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊ ಪಾಲು, ಚಕ್ರದಲ್ಲಿ ಎರಡು ಸೊನ್ನೆ ಇದ್ರೆ 5 ರೂಪಾಯಿ 26 ಪೈಸೆ. ಅಷ್ಟೇ ತಾನೇ ಅನ್ಸುತ್ತೆ. ಆದ್ರೆ ಗಂಟೆಗೆ ಮೂವತ್ತು ಸಲ ಚಕ್ರ ತಿರುಗಿ ಪ್ರತಿ ಸಲ ಸಾವಿರ ರೂಪಾಯಿ ಕಟ್ಟೋನು ಒಂದು ಗಂಟೇಲಿ 30 ಸಾವಿರ ಕಟ್ಟಿರ್ತಾನೆ, ಜೇಬಲ್ಲಿ ಇದ್ದಿದ್ದು ಹತ್ತೇ ಸಾವಿರ ಆಗಿದ್ರೂ ಅದೇ ದುಡ್ಡು ಹೋಗಿ ಬಂದು ಹೋಗಿ ಬಂದು ಮಾಡುತ್ತೆ, ಒಂದೇ ಸೊನ್ನೆ ಇರೋ ಚಕ್ರದಲ್ಲೇ ಎಂಟು ಗಂಟೆ ಕೂತ್ರೆ ಸರಾಸರಿ ಆರೂವರೆ ಸಾವಿರ ಹೋಗಿರುತ್ತೆ. ಸರಾಸರಿ ಅಂದ್ರೆ ಒಬ್ಬ ಗೆದ್ದು ಕುಣೀತಿರ್ತಾನೆ, ಪಕ್ಕದಲ್ಲಿ ಇಬ್ರು ಪೂರ್ತಿ ಕಳ್ಕೊಂಡಿರ್ತಾರೆ, ಗೆದ್ದವನ ಸುದ್ದಿ ಮಾತ್ರ ಊರಿಗೆ ಬರುತ್ತೆ, ಕಳ್ಕೊಂಡವರು ಬಾಯಿ ಬಿಡಲ್ಲ.

ಅಂದರ್ ಬಾಹರ್ ಕೂಡ ಅಲ್ಲಿದೆ. ಹಾವೇರಿನೋ ಗದಗೋ ಯಾವುದಾದ್ರೂ ಹಳ್ಳಿ ಹೊರಗೆ ಹುಣಸೆ ಮರದ ಕೆಳಗೆ ಟವೆಲ್ ಹಾಸ್ಕೊಂಡು ಇದೇ ಆಟ ಆಡಿದ್ರೆ ಪೊಲೀಸ್ ಜೀಪ್ ಬರುತ್ತೆ, ಕೆ.ಪಿ. ಆ್ಯಕ್ಟ್, ಅಂದ್ರೆ ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 87 ಹಾಕ್ತಾರೆ, ಮಾರನೇ ದಿನ ಪೇಪರ್‌ನಲ್ಲಿ ಹೆಸರು ವಯಸ್ಸು ಸಮೇತ ಬರುತ್ತೆ, ನಗದು 3,000 ಮತ್ತು 52 ಇಸ್ಪೀಟು ಎಲೆ ಜಪ್ತಿ ಅಂತ. ಅದೇ ಮನುಷ್ಯ ಅದೇ ಆಟನ ಘಾಟ್ ಇಳಿದು ಎಸಿಲಿ ಕೂತು ಆಡಿ ಮೂರು ಲಕ್ಷ ಕಳೆದ್ರೆ ಅವನು ಪ್ರವಾಸಿ.

ಬೆಳಗಿನ ಜಾವದ ಪಣಜಿ ಬಗ್ಗೆ ಹೇಳ್ತೀನಿ ಅಂದ್ಕೊಂಡಿದ್ದೆ. ನಾವು ಮಾಲು ಇಳಿಸೋ ಹೊತ್ತಿಗೆ ಹಡಗುಗಳಿಂದ ಜನ ವಾಪಸ್ ಬರ್ತಿರ್ತಾರೆ. ಚಹಾ ಗಾಡಿ ಹತ್ರ ನಿಂತಿರ್ತಾರೆ, ಮುಖ ನೋಡಿದ್ರೇ ತಿಳಿಯುತ್ತೆ. ಒಂದಿನ ಒಬ್ಬ ಯುವಕ, ಮೂವತ್ತರ ಒಳಗಿನವನು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ನಮ್ಮ ಟೆಂಪೊ ಮೇಲಿನ ಕೆಎ 22 ನೋಡಿ ಹತ್ರ ಬಂದ. "ಅಣ್ಣಾರ, ಬೆಳಗಾವಿಗೆ ಹೊಂಟೀರೇನ್ರಿ? ಹಿಂದ ಕುಂತು ಬರ್ತೇನ್ರಿ, ಚೀಲದ ಮ್ಯಾಲ ಆದ್ರೂ ನಡೀತೈತಿ." ಬಸ್ಸಿಗೂ ದುಡ್ಡಿರಲಿಲ್ಲ ಅವನ ಹತ್ರ. ಫೋನಲ್ಲಿ ಇದ್ದಿದ್ದೆಲ್ಲಾ ಹಾಕಿದ್ದ, ಆಮೇಲೆ ಇಬ್ರು ಗೆಳೆಯರಿಂದ ಫೋನ್ ಪೇ ಮಾಡಿಸ್ಕೊಂಡು ಅದನ್ನೂ ಹಾಕಿದ್ದ. ಮುಂದೆ ಕೂರಿಸ್ಕೊಂಡು ಬಂದ್ವಿ. ಘಾಟ್ ಹತ್ತೋವರೆಗೂ ಒಂದು ಮಾತಾಡಲಿಲ್ಲ. ಬೆಳಗಾವಿ ಇನ್ನೂ ಸ್ವಲ್ಪ ದೂರ ಇರೋವಾಗ ಡ್ರೈವರ್‌ನ ಕೇಳಿದ, "ಚಾಕು ಐತೇನ್ರಿ?" ನಾವಿಬ್ರೂ ಗಾಬರಿ ಆದ್ವಿ. ಅವನು ಕೈ ಮುಂದೆ ಮಾಡಿ ತೋರಿಸಿದ, ಮಣಿಕಟ್ಟಿಗೆ ಕ್ಯಾಸಿನೊದವರು ಹಾಕಿದ ಕಾಗದದ ಪಟ್ಟಿ ಹಾಗೇ ಇತ್ತು, ಎಳೆದ್ರೆ ಹರಿಯಲ್ಲ ಅದು. "ಮನ್ಯಾಗ ಅವ್ವ ನೋಡ್ತಾಳ್ರಿ, ಕತ್ತರಿಸಿ ಕೊಡ್ರಿ." ಡ್ರೈವರ್ ಚೀಲದ ಹಗ್ಗ ಕೊಯ್ಯೋ ಚಾಕು ತೆಗೆದು ನಿಧಾನಕ್ಕೆ ಕತ್ತರಿಸಿ ಕೊಟ್ಟ, ಅವನು ಆ ಚೂರನ್ನ ಕಿಟಕಿಯಿಂದ ಎಸೀಲಿಲ್ಲ, ಮಡಚಿ ಮಡಚಿ ಸಣ್ಣದು ಮಾಡಿ ಶೂ ಒಳಗೆ ಹಾಕ್ಕೊಂಡ.

ಒಬ್ಬನ ವಿಷಯ ಅಂದ್ರೆ ಅವನ ಮನೆಯ ವಿಷಯ ಅಂತ ಮುಗಿಸಿಬಿಡ್ತಾರೆ ಜನ. ಆಡಿದ, ಕಳ್ಕೊಂಡ, ಅವನ ಹಣೆಬರಹ ಅಂತಾರೆ. ಆದ್ರೆ ನಷ್ಟ ಒಬ್ಬನ ಹತ್ರ ನಿಲ್ಲಲ್ಲ. ನಮ್ಮ ಮಾರ್ಕೆಟ್‌ನಲ್ಲೇ ಒಬ್ಬ ದಲಾಲ ಇದ್ದ, ಹೆಸರು ಬೇಡ, ಒಳ್ಳೇ ಕೈ ಇದ್ದ ಮನುಷ್ಯ, ಅವನ ಅಪ್ಪನ ಕಾಲದಿಂದ ರೈತರು ಅದೇ ಅಂಗಡಿಗೆ ಮಾಲು ಹಾಕೋರು. ಮಾರ್ಕೆಟ್ ವ್ಯವಹಾರ ಗೊತ್ತಿಲ್ಲದವರಿಗೆ ಹೇಳ್ಬೇಕು, ರೈತ ಮಾಲು ತಂದು ಹಾಕ್ತಾನೆ, ದಲಾಲ ಮಾರಿ ಪಟ್ಟಿ ಬರೆದು ಕೊಡ್ತಾನೆ, ಪಟ್ಟಿ ದುಡ್ಡು ಅವತ್ತೇ ಇಲ್ಲಾ ವಾರದಲ್ಲಿ. ನಡುವೆ ಆ ದುಡ್ಡು ದಲಾಲನ ಗಲ್ಲಾದಲ್ಲಿ ಇರುತ್ತೆ, ಆದ್ರೆ ಅವನದಲ್ಲ. ಇವನು ಶನಿವಾರ ಶನಿವಾರ ಗೋವಾ ಅನ್ನೋಕೆ ಶುರು ಮಾಡಿದ. ಮೊದಲು ಗೆದ್ದ, ಎಲ್ರಿಗೂ ಪಾರ್ಟಿ ಕೊಟ್ಟ. ಆಮೇಲೆ ಪಟ್ಟಿ ದುಡ್ಡು ವಾರದ ಬದಲು ಹದಿನೈದು ದಿನ ಆಯ್ತು, ತಿಂಗಳಾಯ್ತು, ಚೆಕ್ ಕೊಟ್ಟ, ಬೌನ್ಸ್ ಆಯ್ತು. ಕೈಸಾಲ ತಗೊಂಡ, ಸೊಸೈಟಿಲಿ ತಗೊಂಡ, ಮೀಟರ್ ಬಡ್ಡಿಗೂ ಕೈ ಹಾಕಿದ. ನಾನು ಬುದ್ಧಿ ಹೇಳೋಕೆ ಹೋದ್ರೆ "ಅಣ್ಣಾ, ಇನ್ನೊಂದ್ ಸಲ ಹೋಗಿ ಬಂದ್ರ ಎಲ್ಲಾ ಸರಿ ಆಗ್ತೈತಿ" ಅಂತಿದ್ದ, ಸುಳ್ಳು ಹೇಳ್ತಿರಲಿಲ್ಲ, ನಿಜವಾಗ್ಲೂ ನಂಬಿದ್ದ.

ಅಂಗಡಿ ಬಾಗಿಲು ಹಾಕಿದ ದಿನ ಮುಂದೆ ಬಂದು ನಿಂತಿದ್ದು ಹತ್ತಿಪ್ಪತ್ತು ಹಳ್ಳಿ ರೈತರು. ಕೋಸು ಬೆಳೆದವರು, ಬೀನ್ಸ್ ಬೆಳೆದವರು, ಕೈಯಲ್ಲಿ ಪಟ್ಟಿ ಹಿಡ್ಕೊಂಡು. ಅವರಲ್ಲಿ ಬಹಳ ಜನ ಜೀವಮಾನದಲ್ಲಿ ಪಣಜಿ ನೋಡಿಲ್ಲ. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಲ್ಲಿ ಎರಡು ಪಟ್ಟಿ ಇಟ್ಕೊಂಡು ಬಂದಿದ್ಲು, ಮಗಳ ಬಾಣಂತನಕ್ಕೆ ಆಗುತ್ತೆ ಅಂತ ತಡ ಆದ್ರೂ ಸುಮ್ನಿದ್ಲಂತೆ. ಅವನ ಹೆಂಡತಿನ ನಾವೆಲ್ಲಾ ವೈನಿ ಅಂತೀವಿ, ಅವರು ಹೊರಗೆ ಬಂದು ಆ ರೈತರ ಎದುರಿಗೆ ನಿಂತು ತನ್ನ ಪಾಟ್ಲಿ ಬಳೆ ಆಗ್ಲೇ ಬ್ಯಾಂಕಲ್ಲಿದೆ ಅಂತ ಹೇಳಿದ್ದನ್ನ ನಾನು ಕೇಳಿದೀನಿ. ಆ ಸುದ್ದಿ ಹರಡಿದ ಮೇಲೆ ಬೇರೆ ಅಂಗಡಿಗಳಿಗೂ ರೈತರು ನಗದು ಇಲ್ಲದೆ ಮಾಲು ಇಳಿಸ್ಲಿಲ್ಲ ಸ್ವಲ್ಪ ಕಾಲ. ಒಂದು ಮಾರ್ಕೆಟ್ ನಡೆಯೋದೇ ಉದ್ರಿ ಮೇಲೆ, ನಂಬಿಕೆ ಮೇಲೆ, ಅದು ಹೋದ್ರೆ ಅದ್ರ ಬೆಲೆ ಯಾವ ಸರ್ಕಾರದ ಅಂಕಿ ಅಂಶದಲ್ಲೂ ಬರಲ್ಲ.

ತೆರಿಗೆ ಎಲ್ಲಿ ಹೋಗುತ್ತೆ ನೋಡಿ. ಕ್ಯಾಸಿನೊ ಮೇಲೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು, 2023ರ ಅಕ್ಟೋಬರ್‌ನಿಂದ ಅದನ್ನ ಚಿಪ್ಸ್ ಕೊಳ್ಳೋ ಪೂರ್ತಿ ಹಣದ ಮೇಲೆ ಹಾಕಿದ್ರು, 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್ ಆಗಿದೆ. ಅರ್ಧ ಕೇಂದ್ರಕ್ಕೆ, ಅರ್ಧ ಗೋವಾಕ್ಕೆ. ಕಳ್ಕೊಂಡವನು ಕರ್ನಾಟಕದವನಾದ್ರೂ ಆ ತೆರಿಗೆಲಿ ಕರ್ನಾಟಕಕ್ಕೆ ನೇರವಾಗಿ ಪಾಲು ಅಂತ ಇಲ್ಲ. ಆದ್ರೆ ಬೌನ್ಸ್ ಆದ ಚೆಕ್ಕಿನ ಕೇಸ್ ನಡೆಯೋದು ಇಲ್ಲಿನ ಕೋರ್ಟಲ್ಲಿ, ಬಡ್ಡಿಯವರು ಮನೆ ಮುಂದೆ ಬಂದು ಕೂತಾಗ ಕಂಪ್ಲೇಂಟ್ ಹೋಗೋದು ಇಲ್ಲಿನ ಠಾಣೆಗೆ, ಸೊಸೈಟಿ ಸಾಲ ಮುಳುಗಿದ್ರೆ ಮುಳುಗೋದು ಇಲ್ಲಿನ ಸದಸ್ಯರ ದುಡ್ಡು.

ಇದು ಗೋವಾದವರು ಮಾತ್ರ ಕಂಡುಹಿಡಿದ ದಾರಿ ಅಲ್ಲ. ಚೀನಾಕ್ಕೆ ಸೇರಿದ ಮಕಾವ್ ನೋಡಿ, 2002ರ ಹೊತ್ತಿಗೆ ಒಬ್ಬರದ್ದೇ ಇದ್ದ ಏಕಸ್ವಾಮ್ಯ ತೆಗೆದು ಹೊರಗಿನ ಕಂಪನಿಗಳನ್ನ ಬಿಟ್ಕೊಂಡ್ರು, 2006ಕ್ಕೆ ಲಾಸ್ ವೇಗಸ್‌ನೇ ಹಿಂದೆ ಹಾಕ್ತು. ಆಡೋಕೆ ಬರೋರು ಹೆಚ್ಚಾಗಿ ಚೀನಾದ ಒಳನಾಡಿನವರು, ಅಲ್ಲಿ ಕ್ಯಾಸಿನೊ ನಿಷೇಧ. ಮಕಾವ್ ಸರ್ಕಾರದ ಹತ್ರ ಎಷ್ಟು ದುಡ್ಡು ಬಂತು ಅಂದ್ರೆ 2008ರಿಂದ ತನ್ನ ನಿವಾಸಿಗಳಿಗೆ ವರ್ಷ ವರ್ಷ ನಗದು ಹಂಚ್ತಾ ಬಂತು. ಕೋವಿಡ್‌ನಲ್ಲಿ ಗಡಿ ಮುಚ್ಚಿದಾಗ ಗೊತ್ತಾಯ್ತು ಆ ಊರು ಯಾವುದ್ರ ಮೇಲೆ ನಿಂತಿದೆ ಅಂತ, 2019ರಲ್ಲಿ 29 ಸಾವಿರ ಕೋಟಿ ಪಟಾಕಾ (ಅಲ್ಲಿನ ನಾಣ್ಯ) ದಾಟಿದ್ದ ಕ್ಯಾಸಿನೊ ಆದಾಯ 2020ರಲ್ಲಿ ಸುಮಾರು 6 ಸಾವಿರ ಕೋಟಿಗೆ ಬಿತ್ತು. ಸಿಂಗಾಪುರ 2010ರಲ್ಲಿ ಎರಡು ಕ್ಯಾಸಿನೊ ತೆರೀತು, ವಿದೇಶಿಯರಿಗೆ ಪುಕ್ಕಟೆ ಪ್ರವೇಶ, ಸ್ವಂತ ಪ್ರಜೆ ಒಳಗೆ ಹೋಗ್ಬೇಕು ಅಂದ್ರೆ ಮೊದಲು 100 ಡಾಲರ್, 2019ರಿಂದ ದಿನಕ್ಕೆ 150 ಸಿಂಗಾಪುರ ಡಾಲರ್ ಕಟ್ಟಬೇಕು. ಅಲ್ಲಿ ಇನ್ನೊಂದು ಒಳ್ಳೇ ವ್ಯವಸ್ಥೆ ಇದೆ, ಮನೆಯವರು ಅರ್ಜಿ ಹಾಕಿ ವಿಚಾರಣೆ ಆದ ಮೇಲೆ ಗಂಡನನ್ನೋ ಮಗನನ್ನೋ ಕ್ಯಾಸಿನೊ ಒಳಗೆ ಬಿಡದ ಹಾಗೆ ಆದೇಶ ತರಬಹುದು. ಸಿಕ್ಕಿಂ ಕೂಡ ಸ್ಥಳೀಯರಿಗೆ ಬಾಗಿಲು ಹಾಕಿದೆ. ಎಲ್ರಿಗೂ ಗೊತ್ತು ಅಂತಾಯ್ತಲ್ಲ, ಇದು ಮನೆಯವರು ಆಡೋ ಆಟ ಅಲ್ಲ ಅಂತ.

ಹೊರಗಿನವರು ಬರೋದು ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕಾದ ಅಟ್ಲಾಂಟಿಕ್ ಸಿಟಿ ಇದೆ. 1976ರಲ್ಲಿ ನ್ಯೂಜೆರ್ಸಿ ಜನ ವೋಟ್ ಹಾಕಿ ಆ ಒಂದು ಊರಿಗೆ ಮಾತ್ರ ಕ್ಯಾಸಿನೊ ಅನುಮತಿ ಕೊಟ್ರು, ಬರೋ ತೆರಿಗೆ ವಯಸ್ಸಾದವರಿಗೆ, ಅಂಗವಿಕಲರಿಗೆ ಅಂತ ಹೇಳಿದ್ರು, 1978ರಲ್ಲಿ ಮೊದಲನೇದು ತೆರೀತು. ಬೀಳ್ತಾ ಇದ್ದ ಬೀಚ್ ಊರು ಮತ್ತೆ ಎದ್ದು ನಿಲ್ಲುತ್ತೆ ಅಂದ್ರು, ಹಡಗಿನಷ್ಟು ದೊಡ್ಡ ಹೋಟೆಲ್‌ಗಳು ಎದ್ವು, ಎರಡು ಬೀದಿ ಹಿಂದೆ ಬಡತನ ಹಾಗೇ ಉಳೀತು. 2006ರಿಂದ ಪಕ್ಕದ ಪೆನ್ಸಿಲ್ವೇನಿಯಾ ಕೂಡ ಕ್ಯಾಸಿನೊ ತೆರೆಯೋಕೆ ಶುರು ಮಾಡ್ತು. ಬಸ್ಸಲ್ಲಿ ಬರ್ತಿದ್ದವರು ಬರೋದು ಬಿಟ್ರು. 2014 ಒಂದೇ ವರ್ಷ 12ರಲ್ಲಿ 4 ಕ್ಯಾಸಿನೊ ಮುಚ್ಚಿದ್ವು, ಅದ್ರಲ್ಲಿ 240 ಕೋಟಿ ಡಾಲರ್ ಹಾಕಿ ಕಟ್ಟಿ 2012ರಲ್ಲಷ್ಟೇ ತೆರೆದಿದ್ದ ರೆವೆಲ್ ಕೂಡ ಒಂದು. ಸಾವಿರಾರು ಜನರ ಕೆಲಸ ಹೋಯ್ತು, 2016ರಲ್ಲಿ ಊರಿನ ಆಡಳಿತಾನೇ ರಾಜ್ಯ ಸರ್ಕಾರ ಕೈಗೆ ತಗೊಳ್ತು.

ಇದನ್ನ ಇಷ್ಟು ಹೇಳೋಕೆ ಕಾರಣ ಇದೆ. ನಮ್ಮ ದುಡ್ಡು ಗೋವಾಕ್ಕೆ ಯಾಕೆ ಹೋಗ್ಬೇಕು, ನಾವೇ ಕ್ಯಾಸಿನೊ ಮಾಡೋಣ ಅನ್ನೋ ಮಾತು ನಮ್ಮಲ್ಲೂ ಬಂದು ಹೋಗುತ್ತೆ. 2020ರ ಫೆಬ್ರವರಿಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಇದೇ ಥರ ಮಾತಾಡಿದ್ರು, ಟೀಕೆ ಬಂತು, ಅಲ್ಲಿಗೆ ನಿಂತಿತು. ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಪಕ್ಕ ಪಕ್ಕದ ರಾಜ್ಯ ಎಲ್ಲಾ ತೆರೆದ ಮೇಲೆ ಹೊರಗಿನವನು ಅಂತ ಯಾರು ಉಳೀತಾರೆ? ಬಳ್ಳಾರಿ ಕ್ಯಾಸಿನೊಗೆ ಬಳ್ಳಾರಿಯವನೇ ಬರ್ಬೇಕು. ನಮ್ಮ ರಾಜ್ಯ 2007ರ ಏಪ್ರಿಲ್ 1ರಿಂದ ಲಾಟರಿ ನಿಲ್ಲಿಸಿದಾಗ ಖಜಾನೆಗೆ ನಷ್ಟ ಅಂದವರು ಬಹಳ ಇದ್ರು. ಆದ್ರೆ ಬಸ್ ಸ್ಟ್ಯಾಂಡ್ ಪಕ್ಕದ ಲಾಟರಿ ಅಂಗಡಿ ಮುಂದೆ ಬೆಳಗ್ಗೆಯಿಂದ ಸಂಜೆವರೆಗೂ ನಂಬರ್ ಬರ್ಕೊಂಡು ಕೂತಿರ್ತಿದ್ದ ಹಮಾಲರು, ಆಟೋದವರು, ಸಂಬಳದ ದಿನ ಅಲ್ಲೇ ಬಂದು ಗಂಡನ ಕಾಲರ್ ಹಿಡಿದು ಎಳ್ಕೊಂಡು ಹೋಗ್ತಿದ್ದ ಹೆಂಗಸರು, ಇದನ್ನ ನೋಡಿದ ಯಾರೂ ಅದು ವಾಪಸ್ ಬರ್ಲಿ ಅನ್ನಲ್ಲ. ಓಸಿ ಮಟ್ಕಾ ನಿಂತಿಲ್ಲ, ಗೊತ್ತು, ಕದ್ದು ಮುಚ್ಚಿ ನಡೀತಾನೇ ಇದೆ. ಕದ್ದು ನಡೆಯೋದಕ್ಕೂ ಮೇನ್ ರೋಡಲ್ಲಿ ಬೋರ್ಡ್ ಹಾಕ್ಕೊಂಡು ನಡೆಯೋದಕ್ಕೂ ಸಿಕ್ಕಿಬೀಳೋ ಜನರ ಸಂಖ್ಯೆಲಿ ಬಹಳ ವ್ಯತ್ಯಾಸ ಇದೆ.

ಫೋನಲ್ಲಿ ದುಡ್ಡು ಕಟ್ಟಿ ಆಡೋದನ್ನ ನಿಲ್ಲಿಸೋಕೆ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತ್ತು, 2022ರ ಫೆಬ್ರವರಿಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಆನ್‌ಲೈನ್ ದುಡ್ಡಿನ ಆಟ ನಿಷೇಧಿಸಿತು. ಅದೇ ತಿಂಗಳು ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಚಿತ್ರದುರ್ಗದ ಶಾಸಕರನ್ನ ಇ.ಡಿ. ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು, ಆ ತನಿಖೆಲಿ ಗೋವಾದ ಕ್ಯಾಸಿನೊಗಳ ಮೇಲೂ ದಾಳಿ ಆಯ್ತು, ಆರೋಪ ನಿಜವೋ ಸುಳ್ಳೋ ಕೋರ್ಟ್ ಹೇಳ್ಬೇಕು. ಆದ್ರೆ ಹಡಗಿನ ಮೇಲಿನ ಆಟಕ್ಕೆ ಆ ಹೊಸ ಕಾಯ್ದೆ ಮುಟ್ಟಲ್ಲ. ಜೂಜು ಸಂವಿಧಾನದಲ್ಲಿ ರಾಜ್ಯ ಪಟ್ಟಿಯ 34ನೇ ವಿಷಯ, ಗೋವಾದ ನೆಲದಲ್ಲಿ ಗೋವಾ ಹೇಳಿದ್ದೇ ನಡೆಯೋದು. ಹಾಗಾಗಿ ನಾವು ಗೋವಾ ಹತ್ರಾನೇ ಕೇಳಬೇಕು.

ಹಡಗು ಮುಚ್ಚಿ ಅಂತ ನಾವು ಬೆಳಗಾವಿಲಿ ಕೂತು ಹೇಳಿದ್ರೆ ಅವರು ಕೇಳಲ್ಲ. ಆದ್ರೆ ಒಂದು ಕೆಲಸ ಅವರಿಗೆ ಕಷ್ಟ ಅಲ್ಲ. ಬಂದವನು ಗೋವಾದವನಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಕೌಂಟರ್‌ನಲ್ಲಿ ಈಗಾಗ್ಲೇ ಗುರುತಿನ ಚೀಟಿ ನೋಡ್ತಾರೆ. ಅದೇ ಕಂಪ್ಯೂಟರಲ್ಲಿ, ಮನೆಯವರು ಅರ್ಜಿ ಕೊಟ್ಟು ಬೇಡ ಅಂದವರ ಹೆಸರೂ ಇರ್ಲಿ, ಸಿಂಗಾಪುರದ ಥರ, ಯಾವ ರಾಜ್ಯದವರಾದ್ರೂ ಸರಿ. ಬೆಳಗಾವಿಯ ವೈನಿ ಇಲ್ಲಿನ ಡಿಸಿ ಆಫೀಸಲ್ಲಿ ಕನ್ನಡದಲ್ಲಿ ಬರೆದು ಕೊಟ್ರೆ ಅಲ್ಲಿನ ಕೌಂಟರ್‌ನಲ್ಲಿ ಅದು ಕಾಣಬೇಕು. ಇದಕ್ಕೆ ಎರಡು ಸರ್ಕಾರ ಕೂತು ಮಾತಾಡಬೇಕು ಅಷ್ಟೇ. ಎರಡೂ ಸರ್ಕಾರ ಆ ನದಿ ಬಗ್ಗೆ ಮಾತಾಡಿಲ್ಲ ಅಂತೇನಿಲ್ಲ, ನಮ್ಮ ಖಾನಾಪುರ ತಾಲೂಕಿನ ಕಾಡಲ್ಲಿ ಹುಟ್ಟೋ ಮಹದಾಯಿನೇ ಕೆಳಗೆ ಹೋಗಿ ಮಾಂಡೋವಿ, ಅದ್ರ ನೀರಿಗಾಗಿ ಟ್ರಿಬ್ಯೂನಲ್‌ವರೆಗೂ ಹೋಗಿ 2018ರಲ್ಲಿ ತೀರ್ಪೂ ಬಂದಿದೆ, ಕಳಸಾ ಬಂಡೂರಿ ಬಗ್ಗೆ ಪ್ರತಿ ಅಧಿವೇಶನದಲ್ಲೂ ಕೂಗ್ತಾರೆ. ಅದೇ ನದಿ ಮೇಲೆ ನಿಂತ ಹಡಗಲ್ಲಿ ನಮ್ಮ ಜಿಲ್ಲೆಯ ದುಡ್ಡು ಹೋಗ್ತಿರೋ ಬಗ್ಗೆ ಒಬ್ಬ ಶಾಸಕನೂ ಬಾಯಿ ಬಿಟ್ಟಿದ್ದನ್ನ ನಾನು ಕೇಳಿಲ್ಲ.

ನಮ್ಮ ಮಾರ್ಕೆಟ್‌ನ ಕೆಲವರು ಸೇರಿ ಒಂದು ಮನವಿ ಬರೀತಾ ಇದ್ದೀವಿ, ಬೆಳಗಾವಿ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದಲ್ಲಿ ಕೊಡೋಕೆ. ದಲಾಲರು ಸಹಿ ಹಾಕ್ತಿದ್ದಾರೆ, ಪಟ್ಟಿ ದುಡ್ಡು ಇನ್ನೂ ಬರದ ಆ ರೈತರಲ್ಲಿ ಕೆಲವರು ಹಾಕಿದ್ದಾರೆ, ವೈನಿ ಮೊದಲನೇ ಹೆಸರು. ಹುಬ್ಬಳ್ಳಿ, ದಾವಣಗೆರೆ, ಹಾವೇರಿ ಮಾರ್ಕೆಟ್‌ನವರು ಇದನ್ನ ಓದ್ತಿದ್ರೆ ನಿಮ್ಮಲ್ಲೂ ಇಂಥ ಅಂಗಡಿ ಇದ್ದೇ ಇರುತ್ತೆ, ದಯವಿಟ್ಟು ಕಾಮೆಂಟ್‌ನಲ್ಲಿ ಬರೀರಿ, ಹೆಸರು ಬೇಡ, ಊರು ಮತ್ತು ಏನಾಯ್ತು ಅಂತ ಅಷ್ಟೇ, ಮನವಿ ಜೊತೆ ಅದನ್ನೂ ಸೇರಿಸ್ತೀವಿ.